ಓದುಗರ ಸ್ಪಂದನ: ಅಳುವ ಕೀರ್ತನೆಯಲ್ಲಿ ಸಮಾಧಾನ ಸಿಕ್ಕರೆ ತಪ್ಪೇ?

ಬೀದರ್ ಜಿಲ್ಲೆಯ ಸೋದರಿಯೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಸಂಕಟ ತೋಡಿಕೊಂಡಿದ್ದರು. ನೆಟೆ ರೋಗಕ್ಕೆ ತೊಗರಿ ಒಣಗಿತು, ಆ ವರ್ಷವೇ ಗಂಡ ತೀರಿಕೊಂಡರು, ಸಾಲ ಉಳಿಯಿತು. ಹೊಲ ಮಾರುವ ಮಾತು ಮನೆಯಲ್ಲಿ ನಡೆದಿದೆ. ಚರ್ಚಿನ ಸಭೆಯವರು ಬಂದು ಓದಿದ ವಾಗ್ದಾನದ ವಚನಗಳಲ್ಲಿ ಒಂದೂ ಎದೆಗೆ ಇಳಿಯಲಿಲ್ಲ. ಒಂದು ರಾತ್ರಿ ಬೈಬಲಿನ 88ನೇ ಕೀರ್ತನೆ ಕಣ್ಣಿಗೆ ಬಿತ್ತು. ಕತ್ತಲೆಯಲ್ಲೇ ಮುಗಿಯುವ ಆ ಕೀರ್ತನೆ ಓದಿದ ಮೇಲೆ ನಿದ್ದೆ ಬಂತಂತೆ. “ಇದು ಅವಿಶ್ವಾಸ ಅಂತ ನೆಗೆಣ್ಣಿ ಹೇಳುತ್ತಾಳೆ. ಹೌದೇ?” ಎಂದು ಕೇಳಿದ್ದರು.

ಮೊದಲ ಪತ್ರವನ್ನು ಕತ್ತರಿಸಲು ಮನಸ್ಸಾಗಲಿಲ್ಲ.

*

ತಂಗಿ, ನಿನ್ನ ಪತ್ರ ಓದಿದ ರಾತ್ರಿ ನನಗ ಉಣ್ಣಲಿಕ್ಕೆ ಆಗಲಿಲ್ಲ. ನನ್ನ ಮಗ ಹೈದರಾಬಾದಿಗೆ ಗೌಂಡಿ ಕೆಲಸಕ್ಕೆ ಹೋಗಿದ್ದ. ಮ್ಯಾಲಿನ ಅಂತಸ್ತಿನಿಂದ ಬಿದ್ದು ಸತ್ತ. ಮಣ್ಣಿಗೆ ಬಂದವರೆಲ್ಲ ಒಂದೇ ವಚನ ಹೇಳಿದರು, ಯೆರೆಮೀಯ 29:11: ದೇವರ ಯೋಚನೆ ಹಿತದ್ದು, ಕೇಡಿನದಲ್ಲ. ಅದೇ ವಚನ ಬರೆದ ಕ್ಯಾಲೆಂಡರ್ ಗೋಡಿಗಿತ್ತು. ಕಿತ್ತು ಹಿತ್ತಲಾಗ ಒಗೆದೆ. ಬೈಬಲ್ ಟ್ರಂಕಿನಾಗ ಹೋಯ್ತು.

ಆಮ್ಯಾಲ ಒಂದು ದಿನ ನಮ್ಮ ಸಭೆಯ ಮುದುಕಿಯೊಬ್ಬಳು ಉಡಿಯೊಳಗ ಪುಂಡಿಪಲ್ಯ ಕಟ್ಟಿಕೊಂಡು ಬಂದಳು. ಆಕಿಗೆ ಅಕ್ಷರ ಬರಲ್ಲ. ಸಮಾಧಾನದ ಒಂದು ಮಾತೂ ಆಡಲಿಲ್ಲ. ಪಲ್ಯ ಸೋಸಿಕೋತ ಕೂತು, “ಪ್ರಲಾಪಗಳು ತಗಿಯವ್ವ, ಓದಿ ಕೇಳಸು” ಅಂದಳು. ಹಿರಿಯಳಿಗೆ ಒಲ್ಲೆ ಅನ್ನಲಿಕ್ಕಾಗದೆ ಓದಿದೆ.

ಬಾಬೆಲಿನವರು ಯೆರೂಸಲೇಮನ್ನ ಸುಟ್ಟು ಹಾಳು ಮಾಡಿದ ಮ್ಯಾಲಿನ ಅಳು ಅದು. ಊರು ವಿಧವೆಯಂಗ ಒಂಟಿ ಕೂತದ. ಕೂಸುಗಳು “ಕಾಳೆಲ್ಲಿ” ಅಂತ ತಾಯಂದಿರಿಗೆ ಕೇಳಿಕೋತ ಅವರ ಎದಿ ಮ್ಯಾಲೇ ಜೀವ ಬಿಡ್ತಾವ. ಸ್ವಾಮಿ ನಮಗ ಶತ್ರುವಿನಂಗ ಆದ ಅಂತ ಬರೆದಾರ. ಬೈಬಲಿನೊಳಗೇ! ಇಂಥ ಮಾತು ದೇವರ ಮುಂದ ಆಡಬಹುದು ಅಂತ ನನಗ ಯಾರೂ ಹೇಳಿರಲಿಲ್ಲ.

ಒಟ್ಟು ಐದು ಅಧ್ಯಾಯ. ದೇವರ ಕರುಣೆ ದಿನಾ ಮುಂಜಾನಿ ಹೊಸದಾಗ್ತದ ಅನ್ನೋ ಮಾತು ನಟ್ಟನಡುವ, ಮೂರನೇದರಾಗ ಬರ್ತದ. ಓದಿ ಗಂಟಲು ಕಟ್ಟಿತು. ಇನ್ನ ಅಳು ಮುಗೀತು ಅಂದ್ಕೊಂಡರ ನಾಲ್ಕನೇದರಾಗ ಮತ್ತ ಹಸಿವು, ಮತ್ತ ಸಾವು. ಕಡೀ ಮಾತಂತೂ “ನಮ್ಮನ್ನ ಪೂರಾ ಕೈಬಿಟ್ಟೀಯೇನು” ಅನ್ನೋ ಹಂಗ ಅದ. ನನ್ನ ಮನಿಯೂ ಹಂಗೇ ಇತ್ತು ತಂಗಿ. ಅಳು ನಿಂತ ಮ್ಯಾಲೇ ಭರವಸೆ ಬರಬೇಕು ಅಂತೇನಿಲ್ಲ, ಅಳುವ ನಡುವೇ ಬಂದು ಕೂಡ್ತದ ಅಂತ ಅವತ್ತು ತಿಳೀತು. ಮುದುಕಿ ಪಲ್ಯ ಬುಟ್ಟಿಗೆ ಹಾಕಿ ಎದ್ದು ಹೋದಳು. ನಾನು ಒಲಿ ಹಚ್ಚಿದೆ.

ನಿನ್ನ ನೆಗೆಣ್ಣಿಗೆ ಇಷ್ಟು ಹೇಳು: 88ನೇ ಕೀರ್ತನೆಯ ಮೊದಲ ಸಾಲಿನಾಗೇ ಆತ “ನನ್ನನ್ನು ರಕ್ಷಿಸುವ ದೇವರೇ” ಅಂತ ಕೂಗ್ಯಾನ. ನಂಬಿಕೆ ಸತ್ತವರು ಹಗಲು ರಾತ್ರಿ ಯಾರನ್ನ ಕೂಗ್ತಾರ?
— ಹುಮನಾಬಾದ್

*

ಎರಡನೆಯ ಪತ್ರ ಪೋಸ್ಟ್‌ಕಾರ್ಡಿನಲ್ಲಿ ಬಂದಿದೆ.

ಅಳುವುದು ಸಾಕು. ಗಂಡನ ಹೆಸರಿನ ಪಹಣಿ ನಿಮ್ಮ ಹೆಸರಿಗೆ ಆಗಿದೆಯೇ? ಮೊದಲು ಪೌತಿ ಖಾತೆ ಮಾಡಿಸಿ. ಬೆಳೆ ವಿಮೆ ಕಟ್ಟಿದ್ದರೆ ರಸೀದಿ ಹುಡುಕಿ. ಕೀರ್ತನೆ ಆಮೇಲೆ ಓದಿದರಾಯಿತು.
— ನಿವೃತ್ತ ಶಿಕ್ಷಕರು, ಯಾದಗಿರಿ

*

ಪೌತಿ ಖಾತೆಯ ಸಲಹೆ ತುರ್ತಿನದು. ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಸೋದರಿಗೇ ಬಿಡೋಣ.

*

ದೇವರ ಯೋಚನೆ ಹಿತದ್ದು ಎಂಬ ಪ್ರವಾದಿ ಯೆರೆಮೀಯನ ಮಾತು ಬಾಬೆಲಿಗೆ ಸೆರೆಹೋದವರಿಗೆ ಬರೆದ ಪತ್ರದ್ದು. ಅದರ ಹಿಂದಿನ ವಚನದಲ್ಲೇ 70 ವರ್ಷ ಕಾಯಬೇಕೆಂದಿದೆ. ಕೇಳಿದವರಲ್ಲಿ ಹೆಚ್ಚಿನವರು ಊರಿಗೆ ಮರಳುವ ಮೊದಲೇ ಮುದುಕರಾಗಿ ಸಾಯುವವರು! ಅದಕ್ಕೇ ಅದೇ ಪತ್ರದಲ್ಲಿ ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಫಲ ಉಣ್ಣಿರಿ ಎಂದು ಬರೆದ. ಈ ಅರ್ಧ ಬಿಟ್ಟು ವಾಗ್ದಾನವನ್ನಷ್ಟೇ ಹೇಳಿದರೆ ನೊಂದವರಿಗೆ ಅದು ತಟ್ಟುವುದು ಕಷ್ಟ.

ಹೊಲ ಮಾರುವ ಮಾತಿಗೆ ಬರುತ್ತೇನೆ. ಯೆರೆಮೀಯನ ಪುಸ್ತಕದ 32ನೇ ಅಧ್ಯಾಯ ಓದಿ. ಶತ್ರುಸೈನ್ಯ ಪಟ್ಟಣಕ್ಕೆ ಮುತ್ತಿಗೆ ಹಾಕಿದೆ, ಯೆರೆಮೀಯ ಸೆರೆಯಲ್ಲಿದ್ದಾನೆ. ಆಗ ಚಿಕ್ಕಪ್ಪನ ಮಗನಿಂದ ಅನಾತೋತಿನ ಹೊಲವನ್ನು 17 ಶೆಕೆಲ್ ಬೆಳ್ಳಿ ತೂಗಿ ಕೊಂಡ. ಸಾಕ್ಷಿ ಹಾಕಿಸಿ, ಕ್ರಯಪತ್ರವನ್ನು ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸಿದ. ಆ ನೆಲದಲ್ಲಿ ಮತ್ತೆ ಕೊಡುಕೊಳ್ಳುವಿಕೆ ನಡೆಯುತ್ತದೆಂದು ನಂಬಿದ್ದ. ಅಮ್ಮಾ, ಅವಸರಕ್ಕೆ ಹೊಲ ಬಿಡಬೇಡಿ. ಸಾಧ್ಯವಾದರೆ ಪಾಲಿಗೆ ಹಾಕಿ.
— ನಿವೃತ್ತ ಸಭಾಪಾಲಕರು, ಕಲಬುರಗಿ

*

ನಾವು ಲಿಂಗಾಯತರು. ಬಸವಣ್ಣನವರೂ ಕೂಡಲಸಂಗಮನ ಮುಂದೆ ಎಷ್ಟು ಅತ್ತಿಲ್ಲ, ಎಷ್ಟು ಜಗಳಾಡಿಲ್ಲ! ನಿಮ್ಮ ಗ್ರಂಥದಲ್ಲೂ ಅಂಥ ಮಾತಿದೆ ಎಂದು ಓದಿ ನಿಮ್ಮ ಮೇಲೆ ಅಕ್ಕರೆ ಹೆಚ್ಚಿತು, ಅಕ್ಕಾ.
— ಬಸವಕಲ್ಯಾಣ

*

ನಿದ್ದೆಯ ಮಾತನ್ನು ಗಮನಿಸಿದವರು ಇವರೊಬ್ಬರೇ.

*

ಅಕ್ಕಾ, ನಾನು ನರ್ಸ್. ನಿಮಗೆ ನಿದ್ದೆ ಬಂತಲ್ಲ, ಅದು ದೊಡ್ಡ ಸಂಗತಿ. ಎಲೀಯನಂಥ ಪ್ರವಾದಿಯೂ ಗಿಡದ ಕೆಳಗೆ ಕೂತು “ಸಾಕು, ಪ್ರಾಣ ತೆಗೆದುಕೋ” ಅಂದಿದ್ದ (1 ಅರಸು 19). ದೂತ ಬಂದು ಬೈಯಲಿಲ್ಲ, ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಇಟ್ಟು ಎದ್ದು ಊಟಮಾಡು ಅಂದ. ಎಲೀಯ ಉಂಡು ಮತ್ತೆ ಮಲಗಿದ. ದೂತ ಮತ್ತೊಮ್ಮೆ ಎಬ್ಬಿಸಿ ಉಣ್ಣಿಸಿದ. ನೀವೂ ಹೊತ್ತಿಗೆ ಸರಿಯಾಗಿ ಎರಡು ರೊಟ್ಟಿ ಉಣ್ಣಿ. ಸಾಯುವ ಯೋಚನೆ ಬಂದರೆ ಯಾವ ಹೊತ್ತಾದರೂ 14416ಕ್ಕೆ ಫೋನ್ ಮಾಡಿ, ಅದು ಸರ್ಕಾರದ ಟೆಲಿ ಮನಸ್, ಕನ್ನಡದಲ್ಲೇ ಮಾತಾಡುತ್ತಾರೆ. ದುಡ್ಡಿಲ್ಲ.
— ಬೀದರ್

*

ಸೋದರಿಯ ವಿಳಾಸ ಕೇಳಿದವರು ತಮ್ಮ ಪತ್ರವನ್ನು ನಮಗೇ ಕಳಿಸಿದರೆ ಅವರಿಗೆ ತಲುಪಿಸುತ್ತೇವೆ. ಹುಮನಾಬಾದಿನ ಪತ್ರವನ್ನು ಈಗಾಗಲೇ ಕಳಿಸಿದ್ದೇವೆ.