ಐಜಿಸಿಎಸ್‌ಇ ಆದ ಮೇಲೆ ಪಿಯುಸಿ ಕಷ್ಟವಾ?

ಸುರತ್ಕಲ್ ಅಮ್ಮ: ಮಗಳು ಏಳನೇ ಕ್ಲಾಸ್. ಮಂಗಳೂರಲ್ಲೇ ಒಂದು ಇಂಟರ್‌ನ್ಯಾಷನಲ್ ಸ್ಕೂಲ್ ನೋಡಿದೆವು. ಈಜುಕೊಳ, ರೋಬೋಟಿಕ್ಸ್ ಲ್ಯಾಬ್, ಏಸಿ ಬಸ್ಸು ಎಲ್ಲ ಇದೆ. ಹತ್ತಕ್ಕೆ ಐಜಿಸಿಎಸ್‌ಇ, ಅಂದರೆ ಎಸ್ಸೆಸ್ಸೆಲ್ಸಿ ಬದಲು ಕೇಂಬ್ರಿಡ್ಜ್‌ನವರ ಪರೀಕ್ಷೆ. ಆಮೇಲೆ ಪಿಯುಸಿ ಸೈನ್ಸ್‌ಗೆ ಬರೋದು ಕಷ್ಟವಾ?

ಕದ್ರಿ ಮೇಷ್ಟ್ರು: ಕಷ್ಟವೇನಿಲ್ಲ, ಎರಡು ವಿಷಯ ಕೇಳಿಕೊಳ್ಳಿ. ಪರೀಕ್ಷೆ ಮಾರ್ಚ್ ಸರಣಿಯದ್ದಾ? ಹಾಗಾದರೆ ರಿಸಲ್ಟ್ ಮೇಯಲ್ಲಿ. ಜೂನ್ ಸರಣಿಯಾದರೆ ಆಗಸ್ಟ್‌ಗೆ, ಅಷ್ಟರಲ್ಲಿ ಪಿಯು ಕ್ಲಾಸ್ ಶುರುವಾಗಿರುತ್ತದೆ. ಗಣಿತದಲ್ಲಿ ಎರಡು ಮಟ್ಟ ಇದೆ, ಮೇಲಿನ ಮಟ್ಟದ ‘ಎಕ್ಸ್‌ಟೆಂಡೆಡ್’ ಇರಲಿ. ಸುಲಭದ ‘ಕೋರ್’ ತಗೊಂಡರೆ ಎಷ್ಟು ಚೆನ್ನಾಗಿ ಬರೆದರೂ ಸಿ ಗ್ರೇಡ್‌ಗಿಂತ ಮೇಲೆ ಸಿಗಲ್ಲ. ರೋಬೋಟಿಕ್ಸ್ ಆಮೇಲೆ ನೋಡೋಣ!

ಮಣಿಪಾಲದವ: ಈಜುಕೊಳಕ್ಕೆ ಮಾಡು ಇದೆಯಾ ಅಕ್ಕಾ? ಜೂನ್‌ನಿಂದ ನಮ್ಮ ಮಳೆಗೆ ತೆರೆದ ಕೊಳ ಸುಮ್ನೆ ನೋಡೋಕಷ್ಟೇ.

ಸುರತ್ಕಲ್ ಅಮ್ಮ: ಇಲ್ಲ ಮಾರಾಯ್ರೇ! ಫೀಸಲ್ಲಿ ಮಾತ್ರ ಇಡೀ ವರ್ಷದ್ದು ಸೇರಿಸಿದ್ದಾರೆ.