ಮಗನ ಬೇಸ್‌ಬಾಲ್ ಶೋಕೇಸ್ ಹಾಳೆಯಲ್ಲಿ ಇಷ್ಟೊಂದು ಅಂಕಿ ಇದೆ, ಸ್ಕೌಟ್ ಇದರಲ್ಲಿ ಏನು ನೋಡುತ್ತಾನೆ?

ಪ್ರಶ್ನೆ (15 ವರ್ಷದ ಹುಡುಗನ ಅಪ್ಪ):

ಎಲ್ಲರಿಗೂ ನಮಸ್ಕಾರ. ಅಮೆರಿಕಕ್ಕೆ ಬಂದು ಹನ್ನೆರಡು ವರ್ಷ ಆಯಿತು. ನಾನು ಕ್ರಿಕೆಟ್ ನೋಡಿಕೊಂಡು ಬೆಳೆದವನು, ಬೇಸ್‌ಬಾಲ್ ಕಲಿತದ್ದೇ ಮಗನಿಂದ. ಅವನು ಈಗ ಹೈಸ್ಕೂಲ್ ಎರಡನೇ ವರ್ಷ. ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ನಡುವೆ ನಿಲ್ಲುವ ಫೀಲ್ಡರ್) ಆಡುತ್ತಾನೆ, ನಡುನಡುವೆ ಪಿಚಿಂಗ್, ಅಂದರೆ ನಮ್ಮ ಬೌಲಿಂಗ್ ಥರದ್ದು, ಕೂಡ ಮಾಡುತ್ತಾನೆ. ಹೋದ ತಿಂಗಳು ದುಡ್ಡು ಕಟ್ಟಿ ಒಂದು ಶೋಕೇಸ್‌ಗೆ (ಆಟಗಾರರನ್ನು ಹುಡುಕುವ ಸ್ಕೌಟ್‌ಗಳ ಮುಂದೆ ಹುಡುಗರನ್ನು ಆಡಿಸಿ ಅಳೆಯುವ ಕಡೆಗೆ) ಕರೆದುಕೊಂಡು ಹೋಗಿದ್ದೆ. ವಾಪಸ್ ಬರುವಾಗ ಒಂದು ಹಾಳೆ ಕೊಟ್ಟರು. 60 ಗಜದ ಓಟ 7.05 ಸೆಕೆಂಡ್, ಇನ್‌ಫೀಲ್ಡ್ ಎಸೆತ ಗಂಟೆಗೆ 79 ಮೈಲಿ, ಟೀ (ಚೆಂಡು ಇಡುವ ಕೋಲು) ಮೇಲಿಂದ ಹೊಡೆದಾಗ ಎಕ್ಸಿಟ್ ವೆಲಾಸಿಟಿ 86, ಪಿಚಿಂಗ್ 80. ಅಲ್ಲಿ ನಿಂತಿದ್ದ ಒಬ್ಬರು "ಹುಡುಗ ಚೆನ್ನಾಗಿದ್ದಾನೆ, ಓಟ 40 ಅಷ್ಟೇ" ಅಂದು ಹೋದರು. 40 ಅಂದರೆ ಫೇಲಾ? ಈ ಹಾಳೆಯನ್ನು ಓದೋದು ಹೇಗೆ ಅಂತ ಯಾರಾದರೂ ಹೇಳಿಕೊಡಿ.

ಉತ್ತರ (ಕೋಚ್, ಹವ್ಯಾಸಿ ಸ್ಕೌಟ್):

ಫೇಲ್ ಅಲ್ಲ ಸರ್, ನಿಶ್ಚಿಂತೆಯಾಗಿರಿ. ಮೊದಲು ನನ್ನ ಬಗ್ಗೆ ಒಂದು ಮಾತು. ನಾನು ಹೈಸ್ಕೂಲ್ ಹುಡುಗರಿಗೆ ಕೋಚ್. ಜೊತೆಗೆ ಒಂದು ತಂಡದ ಪೂರ್ಣಾವಧಿ ಸ್ಕೌಟ್‌ಗೆ "ಈ ಹುಡುಗನನ್ನು ಬಂದು ನೋಡು" ಅಂತ ಸುದ್ದಿ ಮುಟ್ಟಿಸುವ ಕೆಲಸವನ್ನೂ ಮಾಡುತ್ತೇನೆ. ನಮ್ಮಂಥವರಿಗೆ ಇಲ್ಲಿ ಬರ್ಡ್ ಡಾಗ್ (ಬೇಟೆ ನಾಯಿ) ಅಂತಾರೆ. ಹೆಸರು ಕೇಳಿ ನನ್ನ ಹೆಂಡತಿ ಇನ್ನೂ ನಗುತ್ತಾಳೆ.

ಆ 40 ನೂರಕ್ಕೆ 40 ಅಲ್ಲ. ಸ್ಕೌಟ್‌ಗಳ ಅಳತೆ 20ರಿಂದ ಶುರುವಾಗಿ 80ಕ್ಕೆ ಮುಗಿಯುತ್ತದೆ. ನಡುವಿನ 50 ಅಂದರೆ ಮೇಜರ್ ಲೀಗ್ (ಇಲ್ಲಿನ ಅತಿ ಮೇಲಿನ ವೃತ್ತಿಪರ ಲೀಗ್) ಆಟಗಾರನ ಸರಾಸರಿ. ಇದನ್ನು ಸರಿಯಾಗಿ ಗಮನಿಸಿ: ನಿಮ್ಮ ಮಗನ ಓರಗೆಯವರ ಸರಾಸರಿ ಅಲ್ಲ, ಟಿವಿಯಲ್ಲಿ ಆಡುವವರ ಸರಾಸರಿ. 15 ವರ್ಷದ ಹುಡುಗನ ಓಟಕ್ಕೆ ಈಗಲೇ 40 ಅಂದರೆ ಅದು ಬೈಗುಳವಲ್ಲ. 80 ಸಿಗೋದು ತೀರಾ ಅಪರೂಪ. ಇನ್ನೊಂದು ಏನೆಂದರೆ, ಸ್ಕೌಟ್ ತನ್ನ ವರದಿಯಲ್ಲಿ ಎರಡು ಅಂಕಿ ಬರೆಯುತ್ತಾನೆ. ಒಂದು ಇವತ್ತಿನದು, ಇನ್ನೊಂದು ಹುಡುಗ ಪೂರ್ತಿ ಬೆಳೆದ ಮೇಲೆ ಎಲ್ಲಿ ನಿಲ್ಲಬಹುದು ಅನ್ನುವ ಅಂದಾಜು. ಬ್ಯಾಟಿಂಗ್‌ಗೆ "ಇವತ್ತು 25, ಮುಂದೆ 50" ಅಂತ ಬರೆಸಿಕೊಂಡ ಹೈಸ್ಕೂಲ್ ಹುಡುಗನಿಗೆ ಬೇಡಿಕೆ ಇರುತ್ತದೆ. ನಿಮಗೆ ಆ ಮನುಷ್ಯ ಎರಡರಲ್ಲಿ ಯಾವುದನ್ನು ಹೇಳಿದನೋ ಗೊತ್ತಿಲ್ಲ ಅಲ್ವಾ? ಮುಂದಿನ ಸಲ ಕೇಳಿಬಿಡಿ.

ಈಗ ಹಾಳೆಗೆ ಬರೋಣ. 60 ಗಜವೇ ಯಾಕೆ? ಒಂದು ಬೇಸ್‌ನಿಂದ ಇನ್ನೊಂದಕ್ಕೆ 90 ಅಡಿ. ಎರಡು ಬೇಸ್ ಅಂದರೆ 180 ಅಡಿ, ಅದೇ 60 ಗಜ. ಆದರೆ ಆಟದಲ್ಲಿ ಎರಡು ಬೇಸ್ ಓಡುವವನು ನಡುವೆ ತಿರುಗಲೇಬೇಕು, ಶೋಕೇಸ್‌ನಲ್ಲಿ ನೇರ ಗೆರೆಯಲ್ಲಿ ಓಡಿಸುತ್ತಾರೆ. ಅದಕ್ಕೇ ನಾನು ಪಂದ್ಯದಲ್ಲಿ ಹೋಮ್‌ನಿಂದ (ಬ್ಯಾಟರ್ ನಿಲ್ಲುವ ಜಾಗ) ಫಸ್ಟ್ ಬೇಸ್ ಸಮಯವನ್ನು ಜಾಸ್ತಿ ನಂಬುತ್ತೇನೆ. ಬ್ಯಾಟಿಗೆ ಚೆಂಡು ತಗುಲಿದಾಗ ಗಡಿಯಾರ ಒತ್ತಬೇಕು, ಕಾಲು ಬೇಸ್ ಮುಟ್ಟಿದಾಗ ನಿಲ್ಲಿಸಬೇಕು. ಬಲಗೈ ಬ್ಯಾಟರ್‌ಗೆ 4.3 ಸೆಕೆಂಡ್, ಎಡಗೈಯವನಿಗೆ 4.2 ಸೆಕೆಂಡ್ ಬಂದರೆ ಸುಮಾರು 50 ಕೊಡುತ್ತಾರೆ. ಎಡಗೈಯವನು ಫಸ್ಟ್ ಬೇಸ್‌ಗೆ ಒಂದು ಹೆಜ್ಜೆ ಹತ್ತಿರ ನಿಂತಿರುತ್ತಾನೆ, ಅದಕ್ಕೇ ಆ ಒಂದು ಚೂರು ವ್ಯತ್ಯಾಸ. ಅಂದಹಾಗೆ, ಆ 7.05 ಅನ್ನು ಅಳೆದದ್ದು ಲೇಸರ್‌ನಲ್ಲೋ ಕೈಯಲ್ಲಿ ಒತ್ತುವ ಸ್ಟಾಪ್‌ವಾಚ್‌ನಲ್ಲೋ? ವಿಚಾರಿಸಿ ಬರೆಯಿರಿ. ಅದರ ಮೇಲೆ ಬಹಳ ನಿಂತಿದೆ.

ಎಸೆತದ 79 ಚೆನ್ನಾಗಿದೆ. ಆದರೆ ಇನ್‌ಫೀಲ್ಡ್ ಎಸೆತವನ್ನು ನಾಲ್ಕು ಹೆಜ್ಜೆ ಓಡಿಬಂದು, ಮೈಯೆಲ್ಲಾ ಬಿಗಿದು ಎಸೆಯಲು ಬಿಡುತ್ತಾರೆ. ಪಂದ್ಯದಲ್ಲಿ ಶಾರ್ಟ್‌ಸ್ಟಾಪ್‌ಗೆ ಅಷ್ಟು ಪುರುಸೊತ್ತು ಎಲ್ಲಿದೆ? ಬಲಕ್ಕೆ ಹಾರಿ ಚೆಂಡು ಹಿಡಿದು, ಕಾಲು ಊರಿ, ಅಲ್ಲಿಂದಲೇ ಎಸೆಯಬೇಕು. ಆ ಎಸೆತ ಫಸ್ಟ್ ಬೇಸ್‌ವರೆಗೆ ಜೀವ ಇಟ್ಟುಕೊಂಡು ಹೋಗುತ್ತದೋ, ಮಧ್ಯದಲ್ಲೇ ಸೋತು ನೆಲಕ್ಕೆ ಬೀಳುತ್ತದೋ, ನಾನು ನೋಡೋದು ಅದನ್ನ.

ಇನ್ನು ಎಕ್ಸಿಟ್ ವೆಲಾಸಿಟಿ, ಅಂದರೆ ಬ್ಯಾಟಿನಿಂದ ಚೆಂಡು ಹೊರಡುವ ವೇಗ. 2015ರಲ್ಲಿ ಮೇಜರ್ ಲೀಗ್‌ನ ಎಲ್ಲಾ ಮೈದಾನಗಳಿಗೂ ಸ್ಟ್ಯಾಟ್‌ಕ್ಯಾಸ್ಟ್ (ಚೆಂಡಿನ ವೇಗ ಅಳೆಯುವ ವ್ಯವಸ್ಥೆ) ಬಂದ ಮೇಲೆ ಇದು ಎಲ್ಲರ ಬಾಯಲ್ಲೂ ಇದೆ. ಅಲ್ಲಿ 95 ಮೈಲಿ ದಾಟಿದರೆ ಗಟ್ಟಿ ಹೊಡೆತ ಅಂತ ಲೆಕ್ಕ. ಹಾಗಂತ ನಿಮ್ಮ ಮಗನ 86 ಅನ್ನು ಅದರ ಪಕ್ಕ ಇಟ್ಟು ನೋಡಬೇಡಿ. ಟೀ ಮೇಲೆ ಚೆಂಡು ಸುಮ್ನೆ ಕೂತಿರುತ್ತದೆ. ಹೊಡೆಯಲೋ ಬೇಡವೋ ಅಂತ ಯೋಚಿಸುವ ಪ್ರಮೇಯವೇ ಇಲ್ಲ. ಮೈಯಲ್ಲಿ ಎಷ್ಟು ಶಕ್ತಿ ಇದೆ ಅಂತ ಅದು ಹೇಳುತ್ತದೆ, ಬ್ಯಾಟಿಂಗ್ ಬರುತ್ತದೋ ಇಲ್ಲವೋ ಅಂತ ಹೇಳೋದಿಲ್ಲ. ಲೋಹದ ಬ್ಯಾಟೋ ಮರದ್ದೋ ಅಂತಲೂ ಹಾಳೆಯಲ್ಲಿ ಬರೆದುಕೊಳ್ಳಿ.

ಸ್ಕೌಟ್‌ಗಳು ಐದು ಟೂಲ್ ಅಂತಾರೆ: ಹೊಡೆಯುವುದು, ದೂರಕ್ಕೆ ಹೊಡೆಯುವ ಬಲ, ಓಟ, ಫೀಲ್ಡಿಂಗ್, ಎಸೆತ. ಇದರಲ್ಲಿ ಬಲ, ಓಟ, ಎಸೆತಕ್ಕೆ ಯಂತ್ರ ಇದೆ. ಫೀಲ್ಡಿಂಗನ್ನು ಕಣ್ಣಲ್ಲಿ ನೋಡಿ ಹೇಳಬಹುದು. ಮೊದಲನೆಯದು, ಬರೀ ಹೊಡೆಯುವುದು, ಅದೇ ಎಲ್ಲರನ್ನೂ ಮೋಸಗೊಳಿಸುತ್ತದೆ. 90 ಮೈಲಿಯ ಪಿಚ್ ಬ್ಯಾಟರ್ ಹತ್ತಿರ ಬರಲು 0.4 ಸೆಕೆಂಡ್ ಆಸುಪಾಸು ಸಾಕು. ಅಷ್ಟರಲ್ಲಿ ಇದು ನೇರ ಬರುವ ಫಾಸ್ಟ್‌ಬಾಲೋ ಬಾಗಿ ಇಳಿಯುವ ಕರ್ವ್‌ಬಾಲೋ, ಸ್ಟ್ರೈಕೋ (ಹೊಡೆಯಬೇಕಾದ ಜಾಗಕ್ಕೆ ಬಂದದ್ದೋ) ಅಲ್ಲವೋ ಅಂತ ಗುರುತಿಸಿ ಬ್ಯಾಟ್ ತಿರುಗಿಸಬೇಕು. ಹುಡುಗನಿಗೆ ಇದು ಬರುತ್ತದಾ ಅಂತ ಅರ್ಧ ದಿನದ ಶೋಕೇಸ್‌ನಲ್ಲಿ ಯಾರಿಗೂ ತಿಳಿಯೋದಿಲ್ಲ. ನಾಲ್ಕೈದು ಪಂದ್ಯವಾದರೂ ನೋಡಬೇಕು. ಮೊದಲ ಸಲ ಕರ್ವ್‌ಬಾಲ್‌ಗೆ ಬ್ಯಾಟ್ ಬೀಸಿ ಬೇಸ್ತು ಬಿದ್ದ ಹುಡುಗ, ಅದೇ ಪಿಚರ್ ಎದುರು ಮೂರನೇ ಸಲ ನಿಂತಾಗ ಅದನ್ನು ಬಿಟ್ಟನಾ? ನನ್ನ ಪುಸ್ತಕದಲ್ಲಿ ಹೆಚ್ಚಿನ ಪುಟ ತುಂಬಿರೋದು ಇಂಥ ಟಿಪ್ಪಣಿಗಳಿಂದಲೇ.

ಪ್ರಶ್ನೆ (ಇನ್ನೊಬ್ಬ ತಾಯಿ):

ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡ್ಕೋಬೇಡಿ. ನನ್ನ ಮಗನಿಗೂ 15. ಪಿಚರ್. ಶಾಲೆ ತಂಡದಲ್ಲೂ ಆಡುತ್ತಾನೆ, ಊರೂರು ಸುತ್ತಿ ಟೂರ್ನಿ ಆಡುವ ಟ್ರಾವೆಲ್ ತಂಡದಲ್ಲೂ ಆಡುತ್ತಾನೆ. "ವೇಗ ಇನ್ನು ಮೂರು ಮೈಲಿ ಏರಿಸಿದರೆ ಎಲ್ಲರ ಕಣ್ಣಿಗೆ ಬೀಳುತ್ತಾನೆ" ಅಂತ ಒಬ್ಬರು ಹೇಳಿದ್ದಾರೆ. ಎರಡು ವಾರದಿಂದ ಮೊಣಕೈ ಒಳಬದಿ ನೋವು ಅಂತಿದ್ದಾನೆ. ಐಸ್ ಇಟ್ಟು ಆಡಿಸಬಹುದಾ?

ಉತ್ತರ:

ಬೇಡ ಮೇಡಂ. ಇವತ್ತೇ ಎಸೆಯೋದು ನಿಲ್ಲಿಸಿ, ಕ್ರೀಡಾ ಗಾಯಗಳನ್ನು ನೋಡುವ ಮೂಳೆ ಡಾಕ್ಟರ್‌ಗೆ ತೋರಿಸಿ. ಈ ವಯಸ್ಸಿನಲ್ಲಿ ಮೂಳೆ ಬೆಳೆಯುವ ಜಾಗ ಇನ್ನೂ ಮೆತ್ತಗಿರುತ್ತದೆ. ಮೊಣಕೈ ಒಳಬದಿ ನೋವನ್ನು ಯಾವತ್ತೂ ಹಗುರವಾಗಿ ತೆಗೆದುಕೊಳ್ಳಬಾರದು.

ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ಪಿಚ್ ಸ್ಮಾರ್ಟ್ ಅನ್ನುವ ಮಾರ್ಗಸೂಚಿ ಮಾಡಿವೆ. 15–16 ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 95 ಪಿಚ್. 30 ದಾಟಿದರೆ ಒಂದು ದಿನ ವಿಶ್ರಾಂತಿ, 45 ದಾಟಿದರೆ ಎರಡು, 60 ದಾಟಿದರೆ ಮೂರು, 75 ದಾಟಿದರೆ ನಾಲ್ಕು ದಿನ. ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್ ಬಿಡಬೇಕು. ಅದರಲ್ಲಿ ಎರಡು ಮೂರು ತಿಂಗಳಾದರೂ ಒಟ್ಟಿಗೆ, ಯಾವ ರೀತಿಯ ಎಸೆತವೂ ಇಲ್ಲದೆ. ಒಂದೇ ಪಂದ್ಯದಲ್ಲಿ ಪಿಚರ್ ಮತ್ತು ಕ್ಯಾಚರ್ (ಕೀಪರ್ ಥರ ಬ್ಯಾಟರ್ ಹಿಂದೆ ಕೂರುವವನು) ಎರಡೂ ಆಡಿಸಬಾರದು.

ನಾನು ಕಂಡ ಹಾಗೆ ಎಡವಟ್ಟಾಗೋದು ಎಲ್ಲಿ ಅಂದರೆ, ಶಾಲೆ ಕೋಚ್ ತನ್ನ ಲೆಕ್ಕ ಇಡುತ್ತಾನೆ, ಟ್ರಾವೆಲ್ ಕೋಚ್ ತನ್ನ ಲೆಕ್ಕ ಇಡುತ್ತಾನೆ. ಹುಡುಗನ ಮೊಣಕೈ ಮಾತ್ರ ಒಂದೇ. ಎರಡನ್ನೂ ಕೂಡಿಸಿ ಬರೆಯುವವರು ಮನೆಯವರೇ ಆಗಬೇಕು. ಮೂರು ಮೈಲಿಯ ಮಾತು ಡಾಕ್ಟರ್ ಎಸೆಯಬಹುದು ಅಂದ ಮೇಲೆ ನೋಡೋಣ. 1974ರಲ್ಲಿ ಡಾ. ಫ್ರಾಂಕ್ ಜೋಬ್ ಪಿಚರ್ ಟಾಮಿ ಜಾನ್‌ಗೆ ಮೊದಲ ಸಲ ಮಾಡಿದ ಮೊಣಕೈ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡುವ ತಂತು) ಆಪರೇಷನ್ ಇವತ್ತು ಹೈಸ್ಕೂಲ್ ಹುಡುಗರಿಗೂ ಮಾಮೂಲಿ ಆಗಿಬಿಟ್ಟಿದೆ. "ಮಾಡಿಸಿಕೊಂಡರೆ ವೇಗ ಜಾಸ್ತಿ ಆಗುತ್ತದಂತೆ" ಅಂತ ಕೇಳುವ ಅಪ್ಪಂದಿರೂ ಇದ್ದಾರೆ. ನನಗೆ ಸಿಟ್ಟು ಬರುತ್ತದೆ, ಇಲ್ಲಿಗೆ ನಿಲ್ಲಿಸುತ್ತೇನೆ.

ಅದೇ ತಾಯಿ: ಸೋಮವಾರ ಡಾಕ್ಟರ್ ಹತ್ತಿರ ಹೋಗ್ತೀವಿ ಸರ್. ಈ ವಾರಾಂತ್ಯದ ಟೂರ್ನಿಗೆ ಬರಲ್ಲ ಅಂತ ಹೇಳಿಬಿಟ್ಟೆ. ಮಗ ಮುನಿಸಿಕೊಂಡಿದ್ದಾನೆ.

ಉತ್ತರ: ಮುನಿಸು ಎರಡು ದಿನದ್ದು ಮೇಡಂ. ಒಳ್ಳೇ ಕೆಲಸ ಮಾಡಿದ್ರಿ.

ಪ್ರಶ್ನೆ (ಕ್ಯಾಚರ್ ಹುಡುಗನ ಅಪ್ಪ):

ನಮ್ಮವನು 5 ಅಡಿ 6 ಇಂಚು. ನಾನೂ ಅಷ್ಟೇ. ಎತ್ತರ ಕೇಳಿದ ತಕ್ಷಣ ಪುಸ್ತಕ ಮುಚ್ಚುತ್ತಾರಾ?

ಉತ್ತರ:

ಕೆಲವರು ಮುಚ್ಚುತ್ತಾರೆ, ಸುಳ್ಳು ಯಾಕೆ ಹೇಳಲಿ. ಎತ್ತರ, ಅಗಲ ಹೆಗಲು, ತೆಳ್ಳನೆ ಮೈ ಇದ್ದರೆ ಇವನು ಇನ್ನೂ ತುಂಬಿಕೊಳ್ಳುತ್ತಾನೆ ಅನ್ನುವ ಆಸೆ ಸ್ಕೌಟ್‌ಗೆ. ಗ್ಯಾಲರಿಯಲ್ಲಿ ಕೂತಿರುವ ಅಪ್ಪ ಅಮ್ಮನ ಕಡೆಗೂ ಕಣ್ಣು ಹಾಯಿಸುತ್ತಾರೆ, ಅದೂ ನಿಜ. ಆದರೆ ಮೇಜರ್ ಲೀಗ್ ಆಟಗಾರ ಹೊಸೆ ಆಲ್ಟುವೆ ಎತ್ತರ ನಿಮ್ಮ ಮಗನಷ್ಟೇ. ವೆನೆಜುವೆಲಾದ ಆ ಹುಡುಗನಿಗೆ ಸಹಿ ಮಾಡಿಸಿದಾಗ ಕೊಟ್ಟದ್ದು ಬರೀ 15,000 ಡಾಲರ್. 2017ರಲ್ಲಿ ಅಮೆರಿಕನ್ ಲೀಗ್‌ನ (ಮೇಜರ್ ಲೀಗ್‌ನ ಎರಡು ಭಾಗಗಳಲ್ಲಿ ಒಂದು) ಎಂವಿಪಿ, ಅಂದರೆ ವರ್ಷದ ಅತ್ಯುತ್ತಮ ಆಟಗಾರ, ಅವನೇ. ನಿಮ್ಮವನು ಕ್ಯಾಚರ್ ಅಂದಿರಿ, ಹಾಗಾದರೆ ಮೈಕ್ ಪಿಯಾಜಾ ಹೆಸರು ಹೇಳಲೇಬೇಕು. 1988ರ ಡ್ರಾಫ್ಟ್‌ನಲ್ಲಿ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸುವುದು) 62ನೇ ಸುತ್ತಿನವರೆಗೆ ಯಾರೂ ಅವನನ್ನು ಕೇಳಲಿಲ್ಲ. 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಬೆಳೆಯುವ ಸಿರಿ ಮೊಳಕೆಯಲ್ಲಿ ಅನ್ನೋ ಗಾದೆ ಈ ಆಟದಲ್ಲಿ ಅರ್ಧ ಮಾತ್ರ ನಿಜ.

13–15ರಲ್ಲಿ ಇನ್ನೊಂದು ಭ್ರಮೆ ಇದೆ. ಒಂದೇ ತರಗತಿಯ ಇಬ್ಬರಲ್ಲಿ ಒಬ್ಬನಿಗೆ ಮೀಸೆ ಬಂದಿರುತ್ತದೆ, ಇನ್ನೊಬ್ಬನ ದನಿಯೂ ಒಡೆದಿರೋದಿಲ್ಲ. ಮೀಸೆಯವನು ಎಲ್ಲಾ ಅಳತೆಯಲ್ಲೂ ಮುಂದೆ. ಮೂರು ವರ್ಷ ಬಿಟ್ಟು ನೋಡಿದರೆ ಸಾಲು ತಿರುಗಿರಬಹುದು. ಅದಕ್ಕೇ ನಾನು ಹುಡುಗನ ಅಂಕಿಯ ಪಕ್ಕ ಅವನ ವಯಸ್ಸನ್ನು ತಿಂಗಳ ಲೆಕ್ಕದಲ್ಲಿ ಬರೆಯುತ್ತೇನೆ.

ಕ್ಯಾಚರ್‌ಗೆ ನೀವೇ ಅಳೆಯಬಹುದಾದ ಒಂದು ಸಂಗತಿ ಪಾಪ್ ಟೈಮ್. ಚೆಂಡು ಅವನ ಗ್ಲವ್‌ಗೆ ಬಡಿದ ಸದ್ದಿನಿಂದ ಸೆಕೆಂಡ್ ಬೇಸ್‌ನವನ ಗ್ಲವ್‌ಗೆ ಬಡಿಯುವವರೆಗಿನ ಸಮಯ. ಮೇಜರ್ ಲೀಗ್‌ನಲ್ಲಿ 2 ಸೆಕೆಂಡ್ ಸುಮಾರು ಸರಾಸರಿ. ಇಲ್ಲಿ ಎತ್ತರ ಲೆಕ್ಕಕ್ಕೇ ಬರೋದಿಲ್ಲ, ಕಾಲು ಎಷ್ಟು ಬೇಗ ತಿರುಗುತ್ತದೆ, ಎಸೆತ ಎಷ್ಟು ಗಟ್ಟಿ ಅನ್ನೋದೇ ಮುಖ್ಯ.

ಪ್ರಶ್ನೆ: ವೇಗ ಅಳೆಯುವ ರೇಡಾರ್ ಗನ್ ಕೊಂಡೆ. ಮಗನ ಪಿಚಿಂಗ್ ನಾನು ಅಳೆದರೆ 75, ಶೋಕೇಸ್‌ನಲ್ಲಿ 80. ಯಾವುದು ಸುಳ್ಳು?

ಉತ್ತರ: ಬೇಲಿ ಪಕ್ಕ ನಿಂತು ಅಳೆದಿರಿ ಅಲ್ವಾ? ಚೆಂಡು ಹೋಗುವ ಗೆರೆಗೆ ನೇರವಾಗಿ ಹಿಡಿಯದಿದ್ದರೆ ಗನ್ ಕಡಿಮೆ ತೋರಿಸುತ್ತದೆ. 20 ಡಿಗ್ರಿ ಓರೆಯಾದರೆ 80 ಮೈಲಿ ಸುಮಾರು 75 ಆಗುತ್ತದೆ. ಕ್ಯಾಚರ್ ಹಿಂದೆ, ಬಲೆಯ ಆಚೆ ನಿಂತು ನೋಡಿ. ಜೊತೆಗೆ ಚೆಂಡು ಕೈ ಬಿಟ್ಟಾಗಿನ ವೇಗವನ್ನೇ ಹಿಡಿಯಬೇಕು, ಬ್ಯಾಟರ್ ಹತ್ತಿರ ತಲುಪುವಷ್ಟರಲ್ಲಿ ಗಾಳಿ ಒಂದಷ್ಟು ತಿಂದಿರುತ್ತದೆ.

ಪ್ರಶ್ನೆ: ನಮ್ಮ ಕ್ರಿಕೆಟ್ ಫಾಸ್ಟ್ ಬೌಲರ್‌ಗಳನ್ನ ಕರೆತಂದು ಪಿಚರ್ ಮಾಡಿದರೆ ಹೇಗೆ? 140 ಕಿಲೋಮೀಟರ್ ಆರಾಮಾಗಿ ಹಾಕ್ತಾರಲ್ಲ.

ಉತ್ತರ: ಬೌಲರ್ ಓಡಿಬಂದು, ಮೊಣಕೈ ನೇರವಾಗಿಟ್ಟು ಹಾಕುತ್ತಾನೆ. ಪಿಚರ್ ನಿಂತಲ್ಲಿಂದ ಮೊಣಕೈ ಮಡಚಿ ಎಸೆಯುತ್ತಾನೆ. ಬೇರೆಯದೇ ಕೆಲಸ. ಬೌಂಡರಿಯಿಂದ ಕೀಪರ್ ಕೈಗೆ ನೇರ ಎಸೆಯುವ ಫೀಲ್ಡರ್ ಇದಕ್ಕೆ ಹೆಚ್ಚು ಹತ್ತಿರ. 2008ರಲ್ಲಿ ಭಾರತದಲ್ಲಿ ಮಿಲಿಯನ್ ಡಾಲರ್ ಆರ್ಮ್ ಅಂತ ಒಂದು ಸ್ಪರ್ಧೆ ನಡೆಯಿತು. ಅದರಿಂದ ಪಿಟ್ಸ್‌ಬರ್ಗ್ ಪೈರೇಟ್ಸ್ ತಂಡ ಸೇರಿದ ರಿಂಕು ಸಿಂಗ್ (ಕ್ರಿಕೆಟ್‌ನ ರಿಂಕು ಅಲ್ಲ), ದಿನೇಶ್ ಪಟೇಲ್ ಇಬ್ಬರೂ ಜಾವೆಲಿನ್ ಎಸೆಯುತ್ತಿದ್ದವರು. ರಿಂಕು ಆಮೇಲೆ ಡಬ್ಲ್ಯೂಡಬ್ಲ್ಯೂಇ ಕುಸ್ತಿಗೆ ಹೋದ.

ಮೊದಲು ಕೇಳಿದ ಅಪ್ಪ:

ಇಷ್ಟು ವಿವರ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್ ಸರ್. ಈಗ ನಾನು ಮಾಡಬೇಕಾದ್ದು ಏನು? ಇನ್ನೂ ಎರಡು ಶೋಕೇಸ್‌ಗೆ ಹೆಸರು ಕೊಡಿ ಅಂತ ಕರೆ ಬರ್ತಾ ಇದೆ.

ಉತ್ತರ:

ಕರೆ ಬರೋದು ನಿಮ್ಮ ದುಡ್ಡಿಗೆ ಸರ್, ಅದನ್ನು ಮೆಚ್ಚುಗೆ ಅಂದುಕೊಳ್ಳಬೇಡಿ. ಈ ವರ್ಷ ಬಿಡಿ. ಒಂದು ನೋಟ್‌ಬುಕ್ ಮಾಡಿ. ಮೂರು ತಿಂಗಳಿಗೊಮ್ಮೆ ಅದೇ ಮೈದಾನ, ಅದೇ ಗಡಿಯಾರ, ಅದೇ ಬ್ಯಾಟ್. ಬೇರೆ ಹುಡುಗರ ಜೊತೆ ಹೋಲಿಸಬೇಡಿ, ಅವನ ಹಳೇ ಅಂಕಿ ಜೊತೆ ಹೋಲಿಸಿ. ಮೈ ಬೆಳೆಯುವ ವಯಸ್ಸಿನಲ್ಲಿ ಏರುವ ವೇಗವೇ ಹೆಚ್ಚು ಸುದ್ದಿ ಹೇಳುತ್ತದೆ. ಬ್ಯಾಟಿಂಗ್ ವಿಡಿಯೋ ಪಕ್ಕದಿಂದ ಒಂದು, ಹಿಂದಿನಿಂದ ಒಂದು, ಪಂದ್ಯದ್ದೇ ಇರಲಿ. ಔಟಾದದ್ದನ್ನೂ ಇಟ್ಟುಕೊಳ್ಳಿ.

ದಾರಿ ಬಗ್ಗೆಯೂ ಹೇಳಿಬಿಡುತ್ತೇನೆ. ಡ್ರಾಫ್ಟ್ ಈಗ 20 ಸುತ್ತು ಮಾತ್ರ, 30 ತಂಡ. ಇಡೀ ದೇಶದ ಹೈಸ್ಕೂಲ್, ಕಾಲೇಜು ಎಲ್ಲಾ ಸೇರಿ ಸುಮಾರು 600 ಜನ. ಹಾಗಾಗಿ ಬಹಳ ಹುಡುಗರಿಗೆ ಕಾಲೇಜೇ ದಾರಿ. ಎನ್‌ಸಿಎಎ (ಕಾಲೇಜು ಕ್ರೀಡೆಗಳ ಸಂಸ್ಥೆ) ಮೊದಲ ಡಿವಿಷನ್ ಕೋಚ್‌ಗಳು ಹುಡುಗನ ಜೊತೆ ನೇರವಾಗಿ ಮಾತಾಡಲು ಶುರು ಮಾಡೋದು ಹೈಸ್ಕೂಲ್ ಮೂರನೇ ವರ್ಷಕ್ಕೆ ಮುಂಚಿನ ಆಗಸ್ಟ್ 1ರಿಂದ. ಅವರು ಮೊದಲು ಕೇಳುವುದರಲ್ಲಿ ಓದಿನ ಅಂಕವೂ ಒಂದು. ನಮ್ಮ ಮನೆಗಳಲ್ಲಿ ಅದನ್ನು ಬೇರೆ ಹೇಳಬೇಕಾಗಿಲ್ಲ ಅಂದುಕೊಂಡಿದ್ದೇನೆ.

ಪಿಚಿಂಗ್ ಪೂರ್ತಿ ಬಿಡಿಸಬೇಡಿ, ಮಿತಿಯಲ್ಲಿ ಇರಲಿ. ಜೇಕಬ್ ಡಿಗ್ರಾಮ್ ಕಾಲೇಜಿನಲ್ಲಿ ಶಾರ್ಟ್‌ಸ್ಟಾಪ್ ಆಗಿದ್ದವನು. 2010ರಲ್ಲಿ 9ನೇ ಸುತ್ತಿನಲ್ಲಿ ಪಿಚರ್ ಅಂತ ತೆಗೆದುಕೊಂಡರು. 2018, 2019 ಎರಡೂ ವರ್ಷ ಅತ್ಯುತ್ತಮ ಪಿಚರ್‌ಗೆ ಕೊಡುವ ಸೈ ಯಂಗ್ ಪ್ರಶಸ್ತಿ ಗೆದ್ದ.

ಅಂದಹಾಗೆ, ಆ ಓಟದ ವಿಷಯ ವಿಚಾರಿಸಿದಿರಾ?

ಮೊದಲು ಕೇಳಿದ ಅಪ್ಪ: ಈಗಷ್ಟೇ ಫೋನ್ ಮಾಡಿದೆ ಸರ್. ಲೇಸರ್ ಕೆಟ್ಟಿತ್ತಂತೆ. ಸ್ಟಾಪ್‌ವಾಚ್‌ನಲ್ಲಿ ಅಳೆದಿದ್ದಾರೆ.

ಉತ್ತರ: ಹುಡುಗ ಹೊರಟದ್ದನ್ನು ಕಣ್ಣು ಕಂಡು ಬೆರಳು ಒತ್ತುವಷ್ಟರಲ್ಲಿ ಅವನು ಒಂದು ಹೆಜ್ಜೆ ಹೋಗಿರುತ್ತಾನೆ. ನೋಟ್‌ಬುಕ್‌ನ ಮೊದಲ ಸಾಲಿನಲ್ಲಿ "7.05, ಸ್ಟಾಪ್‌ವಾಚ್" ಅಂತಲೇ ಬರೆಯಿರಿ. ಮನಸ್ಸಿನಲ್ಲಿ 7.2 ಅಂದುಕೊಳ್ಳಿ. ಮಗನಿಗೆ ಈಗಲೇ ಹೇಳಬೇಡಿ, ಮುಂದಿನ ಅಳತೆಯಲ್ಲಿ ನಿಧಾನ ಆದೆ ಅಂತ ಅವನು ಗಾಬರಿ ಬಿದ್ದಾಗ ಹೇಳಿದರೆ ಸಾಕು.