ಮದುವೆ ಊಟಕ್ಕೆ ಸೊಂಟದಲ್ಲಿ ರಿವಾಲ್ವರ್? ಟೆಕ್ಸಾಸಿನ ‘ಬಾರ್ಬೆಕ್ಯೂ ಗನ್’ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ

ಸಾಗರದವ_ಸ್ಯಾನ್‌ಆಂಟೋನಿಯೊ

ಎಲ್ರಿಗೂ ನಮಸ್ಕಾರ. ಹೋದ ತಿಂಗಳು ಬಂಡೇರಾ ಹತ್ರ ನಮ್ಮ ಕಲೀಗ್ ಒಬ್ಬನ ಅಪ್ಪನ ರ‍್ಯಾಂಚಿಗೆ ಊಟಕ್ಕೆ ಕರೆದಿದ್ರು, ಹೋಗಿದ್ದೆ. ಆ ಯಜಮಾನ್ರಿಗೆ ಎಪ್ಪತ್ತೈದಾದ್ರೂ ಆಗಿರ್ಬೇಕು, ಗಂಜಿ ಹಾಕಿ ಇಸ್ತ್ರಿ ಮಾಡಿದ ಬಿಳಿ ಶರ್ಟು, ಹ್ಯಾಟು, ಸೊಂಟಕ್ಕೆ ಅಗಲವಾದ ಬೆಲ್ಟು, ಅದ್ರಲ್ಲಿ ಬೆಳ್ಳಿ ಥರ ಹೊಳೆಯೋ ರಿವಾಲ್ವರ್ರು. ಹಿಡಿ ದಂತದ ಬಣ್ಣ. ಬೆಲ್ಟು, ಹೋಲ್ಸ್ಟರ್ (ಗನ್ ಸಿಕ್ಕಿಸೋ ಲೆದರ್ ಒರೆ) ತುಂಬಾ ಹೂವು ಬಳ್ಳಿ ಕೆತ್ತನೆ, ಥೇಟ್ ನಮ್ಮೂರ ಗುಡಿಗಾರರು ಗಂಧದ ಪೆಟ್ಟಿಗೆ ಮೇಲೆ ಕೆತ್ತಿದ ಹಾಗೆ, ಒಂದಿಂಚು ಜಾಗ ಖಾಲಿ ಬಿಟ್ಟಿಲ್ಲ. ನಾನು ಪೆದ್ದನ ಥರ ನೀವು ಪೊಲೀಸಲ್ಲಿದ್ರಾ ಅಂತ ಕೇಳ್ಬಿಟ್ಟೆ, ಎಲ್ರೂ ಬಿದ್ದು ಬಿದ್ದು ನಕ್ರು. ಇದು ಕೆಲಸದ್ದಲ್ಲ ಮಗಾ, ಬಾರ್ಬೆಕ್ಯೂ ಗನ್, ನೆಂಟರಿಷ್ಟರು ಸೇರಿದಾಗ ಮಾತ್ರ ಹೊರಗೆ ಬರತ್ತೆ ಅಂದ್ರು.

ಈಗ ಅಕ್ಟೋಬರಲ್ಲಿ ಅಲ್ಲೇ ಅವರ ಮೊಮ್ಮಗಳ ಮದುವೆ, ನೀನೂ ಒಂದು ಕಟ್ಕೊಂಡ್ ಬಾ ಅಂದಿದಾರೆ, ತಮಾಷೆಗೋ ನಿಜವಾಗ್ಲೋ ಗೊತ್ತಿಲ್ಲ, ಆದ್ರೆ ನನ್ ತಲೇಲಿ ಹುಳ ಹೊಕ್ಕಾಯ್ತು. ಗ್ರೀನ್ ಕಾರ್ಡ್ ಇದೆ, ಮನೇಲಿ ಒಂದು ಗ್ಲಾಕ್ ಪಿಸ್ತೂಲ್ ಇದೆ, ತಿಂಗಳಿಗೊಂದ್ಸಲ ರೇಂಜಿಗೆ ಹೋಗ್ತೀನಿ. ಎಲ್ಲಾ ಸೇರಿ 1500 ಡಾಲರ್ ಬಜೆಟ್ಟು. ಬಳೆ ಮಾಡ್ಸೋಕೆ ದುಡ್ಡಿಲ್ಲ ಅಂದೋರಿಗೆ ಇದಕ್ಕೆ ಎಲ್ಲಿಂದ ಬಂತು ಅಂತ ಮನೇಲಿ ಕೇಳಾಯ್ತು, ಅದನ್ನ ನಾನು ನೋಡ್ಕೋತೀನಿ. ಯಾವ ಗನ್ನು, ಎಂಥ ಲೆದರ್ರು, ಹೇಳಿ.

ಡಲ್ಲಾಸ್_ಮಾವ

ತಮ್ಮಾ, ಬಳೆ ಮೊದ್ಲು ಮಾಡ್ಸು, ಆಮೇಲೆ ಇದು. ನಾನು ಈ ಊರಿಗೆ ಬಂದು 26 ವರ್ಷ ಆಯ್ತು, ನಿನ್ನ ಹುಳ ನಂಗೂ ಹೊಕ್ಕಿತ್ತು.

ಇಲ್ಲಿ ಟೆಕ್ಸಾಸ್ ರೇಂಜರ್ ಪೊಲೀಸರು, ಶೆರಿಫ್‌ಗಳು, ರ‍್ಯಾಂಚಿನೋರು ದಿನಾ ಹಾಕೋ ಗನ್ನು ಬೇರೆ, ಊಟಕ್ಕೆ ಸೇರಿದಾಗ ಹಾಕೋದು ಬೇರೆ. ರೇಷ್ಮೆ ಸೀರೆ ಇದ್ದಂಗೆ ಅನ್ಕೋ. ಕೆಲವರು 1911 ಪಿಸ್ತೂಲ್ ಹಾಕ್ತಾರೆ, ಆದ್ರೆ ನೋಡೋಕೆ ಚೆಂದ ಅಂದ್ರೆ ಕೋಲ್ಟ್ ಸಿಂಗಲ್ ಆಕ್ಷನ್ ಆರ್ಮಿ, 1873ರ ಡಿಸೈನು, ಪೀಸ್‌ಮೇಕರ್ ಅಂತಾರಲ್ಲ ಅದು. ಬ್ಯಾರೆಲ್ಲು 4¾, 5½, 7½ ಇಂಚು ಅಂತ ಬರುತ್ತೆ. ನೀನು 4¾ ತಗೋ, ಏಳೂವರೆ ಇಂಚಿಂದು ಕಟ್ಕೊಂಡು ಮಡಚೋ ಕುರ್ಚಿ ಮೇಲೆ ತಟ್ಟೆ ಹಿಡ್ಕೊಂಡು ಕೂತ್ಕೊಳಕ್ಕೆ ಹೋಗು, ಆಗ ಗೊತ್ತಾಗುತ್ತೆ. ಎರಡನೇ ಮಹಾಯುದ್ಧದ ಅಮೆರಿಕನ್ ಜನರಲ್ ಪ್ಯಾಟನ್ನಂದೂ 4¾ ಇಂಚಿಂದೇ. 1916ರಲ್ಲಿ ಎಲ್ ಪಾಸೋದಲ್ಲಿ ತಗೊಂಡಿದ್ದು, ಬೆಳ್ಳಿ ಲೇಪ, ಮೈತುಂಬ ಎನ್‌ಗ್ರೇವಿಂಗು, ದಂತದ ಹಿಡಿ ಮೇಲೆ ಅವನ ಇನಿಷಿಯಲ್ಲು. ಜನ ಅದನ್ನ ಮುತ್ತಿನ ಚಿಪ್ಪಿನ ಹಿಡಿ ಅಂದ್ರೆ ಅವನಿಗೆ ಉರಿಯೋದಂತೆ. ಷೋಕಿಗೆ ಮಾತ್ರ ಇಟ್ಕೊಂಡಿದ್ದೂ ಅಲ್ಲ, ಅದೇ ವರ್ಷ ಮೆಕ್ಸಿಕೋದಲ್ಲಿ ಅದರಲ್ಲೇ ಗುಂಡಿನ ಕಾಳಗ ಮಾಡಿದಾನೆ.

ಹೊಸ ಕೋಲ್ಟು ನಿನ್ನ ಬಜೆಟ್ಟಿಗೆ ಆಗಲ್ಲ, ಎರಡು ಸಾವಿರದ ಮೇಲೇನೆ. ಇಟಲಿಯ ಉಬರ್ಟಿ ನಕಲು ಅಗ್ಗ, ನೋಡೋಕೂ ಕೋಲ್ಟ್ ಥರಾನೇ. ಆದ್ರೆ ನನ್ನ ಮಾತು ಕೇಳಿದ್ರೆ ರೂಗರ್ ವ್ಯಾಕೇರೋ ಸ್ಟೇನ್‌ಲೆಸ್ ತಗೋ, ಪಾಲಿಶ್ ಹೊಡೆದಿರೋದು ನಿಕ್ಕಲ್ ಲೇಪದ ಥರ ಕಾಣುತ್ತೆ, ಟೆಕ್ಸಾಸ್ ಬೆವರಿಗೆ ತುಕ್ಕೂ ಬೇಗ ಹಿಡಿಯಲ್ಲ. ಮುಖ್ಯವಾಗಿ ಅದ್ರಲ್ಲಿ ಟ್ರಾನ್ಸ್‌ಫರ್ ಬಾರ್ ಇದೆ, ಅಂದ್ರೆ ಟ್ರಿಗರ್ ಎಳೆದ್ರೆ ಮಾತ್ರ ಹ್ಯಾಮರ್ (ಹಿಂದಿರೋ ಸುತ್ತಿಗೆ) ಪೆಟ್ಟನ್ನ ತೋಟಾ ಕಡೆ ದಾಟಿಸೋ ಪಟ್ಟಿ. ಹಳೇ ಕೋಲ್ಟ್ ಥರದ್ರಲ್ಲಿ ಹ್ಯಾಮರ್ ಕೆಳಗೆ ತೋಟಾ ಇದ್ದು ಗನ್ನು ಕೈಜಾರಿ ನೆಲಕ್ಕೆ ಬಿದ್ರೆ ಢಂ ಅನ್ನಬಹುದು, ಅದಕ್ಕೇ ಆರು ಹಾಕೋ ಜಾಗದಲ್ಲಿ ಐದೇ ಹಾಕೋದು. ಒಂದು ಹಾಕು, ಒಂದು ಬಿಡು, ನಾಲ್ಕು ಹಾಕು, ಹ್ಯಾಮರ್ ಪೂರ್ತಿ ಎಳೆದು ಖಾಲಿ ಮನೆ ಮೇಲೆ ಮೆಲ್ಲಗೆ ಇಳಿಸು. ಊಟದ ಮನೆಗೆ ನಾನಂತೂ ಒಂದೂ ಹಾಕಲ್ಲ.

ಇನ್ನು ಮದುವೆಗೆ ಕಟ್ಕೊಂಡು ಹೋಗೋದು. ಯಜಮಾನ್ರಿಗೆ ಫೋನ್ ಮಾಡಿ ನೇರವಾಗಿ ಕೇಳು. ಹೆಣ್ಣಿನ ಕಡೆಯೋರು ಹಾಕ್ತಿದ್ರೆ ಹಾಕು, ಇಲ್ಲಾಂದ್ರೆ ನೀನೊಬ್ಬ ನಾಟಕದ ಪಾತ್ರಧಾರಿ ಥರ ಕಾಣ್ತೀಯ. ಮತ್ತೆ ಗನ್ನು ಸೊಂಟದಲ್ಲಿದ್ರೆ ಬಿಯರ್ ಇಲ್ಲ, ಬಿಯರ್ ಬೇಕಂದ್ರೆ ಗನ್ನು ಲಾಕ್ ಮಾಡಿ ಇಟ್ಟು ಬಾ.

ಅಥಣಿ_ತೊಗಲು

ಮಾವನವರು ಗನ್ ಹೇಳಿದ್ರು, ನಾ ತೊಗಲು ಹೇಳ್ತೀನ್ರಿ. ನಾ ಶನಿವಾರ ಭಾನುವಾರ ಗ್ಯಾರೇಜಿನ್ಯಾಗ ಕುಂತು ಬೆಲ್ಟ್ ಹೋಲ್ಸ್ಟರ್ ಮಾಡ್ತೀನಿ, ಹೊಟ್ಟಿಪಾಡಿಗಲ್ಲ, ಹುಚ್ಚಿಗೆ.

ಮೊದಲ ಒಂದ್ ಮಾತು, ರೊಕ್ಕ ತೊಗಲಿಗೆ ಹಾಕ್ರಿ. ಗನ್ ಹೋಲ್ಸ್ಟರ್ ಒಳಗ ಮುಚ್ಚಿರ್ತದ, ಮಂದಿ ನೋಡೂದು ಹಿಡಿಕಿ ಮತ್ತ ತೊಗಲು, ಅಷ್ಟ. ನಾ ಹೊಸದಾಗಿ ಬಂದಾಗ ಆನ್‌ಲೈನ್‌ದಾಗ ಒಂದು ಕಡೆ ಕೈಕೆತ್ತನಿ ಅಂತ ಓದಿ ತರಿಸಿದ್ದೆ, ಬಂದಿದ್ದು ಮಷಿನ್‌ನ್ಯಾಗ ಒತ್ತಿದ ಮಾಲು, ಎಲ್ಲಾ ಹೂವೂ ಅಚ್ಚಿನ ಬೆಲ್ಲದಂಗ ಒಂದ ನಮೂನಿ, ಎರಡ ತಿಂಗಳಿಗೆ ಅಂಚು ಬಾಯಿ ಬಿಡ್ತು. ಗುರ್ತ ಹಿಡಿಯೂದು ಹೆಂಗಂದ್ರ, ಕೈಲೆ ಕೆತ್ತಿದ್ದರಾಗ ಎಲಿ ಸುತ್ತ ಕೊಯ್ದ ಗೆರಿ ಒಂದು ಕಡೆ ದಪ್ಪ ಇರ್ತದ, ಬಾಲಕ್ಕ ಹೋದಂಗ ಕೂದಲಿನಷ್ಟು ಸಣ್ಣ ಆಗ್ತದ. ಒತ್ತಿದ್ದರಾಗ ಗೆರಿ ಉದ್ದಕ್ಕೂ ಒಂದ ದಪ್ಪ.

ಕೆಲಸ ಹಿಂಗ್ರಿ. ಮರದ ತೊಗಟಿಯಿಂದ ಹದ ಮಾಡಿದ ತೊಗಲ ಬೇಕು, ನಮ್ಮಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಾಲಿ ತೊಗಟಿ, ಅಳಲೆಕಾಯಿ ಹಾಕಿ ಹದ ಮಾಡ್ತಾರಲ್ಲ, ಅದ ಜಾತಿ. ಕ್ರೋಮ್ ಉಪ್ಪು ಹಾಕಿ ಹದ ಮಾಡಿದ ತೊಗಲಿನ್ಯಾಗ ಕೆತ್ತನಿ ನಿಲ್ಲೂದಿಲ್ಲ, ರಬ್ಬರ್‌ನಂಗ ಮತ್ತ ಎದ್ದು ಬರ್ತದ. ತೊಗಲು ತೋಯಿಸಿ, ಮತ್ತ ಮ್ಯಾಲಿನ ಬಣ್ಣ ತಿಳಿ ಆಗೂತನ ಬಿಟ್ಟು, ಮುಟ್ಟಿದ್ರ ಇನ್ನೂ ತಣ್ಣಗ ಇರ್ಬೇಕು, ಆವಾಗ ಶುರು. ತಿರುಗೂ ಚಾಕುಲೆ ದಪ್ಪದ ಅರ್ಧದಷ್ಟು ಆಳಕ್ಕ ಗೆರಿ, ಆಮ್ಯಾಲೆ ಬೆವೆಲರ್ ಅನ್ನೂ ಓರೆ ಬಾಯಿ ಉಳಿ ಇಟ್ಟು ಕೊಡತಿಲೆ ಟಕ್ ಟಕ್ ಅಂತ ಗೆರಿ ಹೊರಗಿನ ಭಾಗ ಕೆಳಗ ಕೂಡಿಸೂದು, ಹೂವು ತಾನ ಮ್ಯಾಲೆ ಎದ್ದಂಗ ಕಾಣ್ತದ. ಒಂದು ಹೋಲ್ಸ್ಟರ್ ಕೆತ್ತಾಕ ನಂಗ ಎರಡು ಶನಿವಾರ ಹಿಡೀತದ್ರಿ, ಬೆಲ್ಟ್ ಅಂದ್ರ ಬ್ಯಾರೆ ಲೆಕ್ಕ.

ಶೈಲಿ ಎರಡು ನೋಡ್ರಿ. ವಯೋಮಿಂಗ್‌ನ ಶೆರಿಡನ್ ಊರಿಂದು, ಡಾನ್ ಕಿಂಗ್ ಅನ್ನೂ ಕುದುರಿ ಜೀನು ಮಾಡವ ಹೆಸರು ಮಾಡಿಸಿದ್ದು, ಸಣ್ಣ ಸಣ್ಣ ಹೂವು, ಬಳ್ಳಿ ವೃತ್ತ ವೃತ್ತ ಸುತ್ತಿಕೊಂಡಿರ್ತದ. ಇನ್ನೊಂದು ಹಳೇ ಟೆಕ್ಸಾಸ್ ನಮೂನಿ, ದೊಡ್ಡ ಹೂವು ದೊಡ್ಡ ಎಲಿ. ನಂಗ ಶೆರಿಡನ್ ಸೇರ್ತದ, ಆದ್ರ ಹತ್ತು ಫೂಟ್ ದೂರದಿಂದ ನೋಡಿದ್ರ ಟೆಕ್ಸಾಸಿಂದ ಎದ್ದು ಕಾಣ್ತದ. ರೊಕ್ಕ ಕಡಿಮಿ ಇದ್ರ ಬುಟ್ಟಿ ಹೆಣಿಕಿ ಅಚ್ಚು ಹಾಕಿಸ್ರಿ, ಅದೂ ಮರ್ಯಾದಿಯಿಂದ ಕಾಣ್ತದ. ಸಿನಿಮಾದಾಗ ಗನ್ ತೊಡಿಗೆ ಜೋತು ಬೀಳ್ತದಲ್ಲ, ಬಸ್ಕಡೇರೋ ಅಂತಾರ, ಅದು ಬ್ಯಾಡ. ಟಾಮ್ ಥ್ರೀಪರ್ಸನ್ಸ್ ಅನ್ನೂ ಹಳೇ ಪೊಲೀಸನ ಹೆಸರಿನ ನಮೂನಿ ತಗೋರಿ, ಎತ್ತರಕ್ಕ ಕೂಡ್ತದ, ಊಟಕ್ಕ ಕುಂತ್ರ ಕುರ್ಚಿಗೆ ತಾಕೂದಿಲ್ಲ. ಪ್ಯಾಟನ್ ಹೋಲ್ಸ್ಟರ್ ಮಾಡಿದ ಎಲ್ ಪಾಸೋದ ಮೈರೆಸ್ ಅಂಗಡಿಯಾಗ ಹುಟ್ಟಿದ್ದ ಅದು.

ಕಾರ್ಯಕ್ರಮ ಮುಗಿದ ಮ್ಯಾಲೆ ಗನ್ ಹೋಲ್ಸ್ಟರ್‌ನ್ಯಾಗ ಇಡಬ್ಯಾಡ್ರಿ. ತೊಗಲು ಪಸಿ ಹಿಡೀತದ, ಗನ್ನಿಗೆ ತುಕ್ಕು.

ಹೆಚ್‌ಒನ್‌ಬಿ_ಹುಡುಗ

ಗುರುಗಳೇ ನಾನೂ ಆಸ್ಟಿನ್ನಲ್ಲೇ ಇದೀನಿ, ಇಲ್ಲಿ 2021ರಿಂದ ಲೈಸೆನ್ಸೇ ಬೇಡ್ವಂತಲ್ಲ, 21 ಆಗಿದ್ರೆ ಸಾಕಂತೆ, ಹಾಗಾದ್ರೆ ನಾನೂ ಒಂದು ತಗೋಬಹುದಾ?

ಡಲ್ಲಾಸ್_ಮಾವ

ಮಾರಾಯ, ಕೈ ಮುಗೀತೀನಿ, ಬೇಡ. ಅದು ಟೆಕ್ಸಾಸ್ ಕಾನೂನು. ಅದರ ಮೇಲೆ ಫೆಡರಲ್ ಕಾನೂನು ಇದೆ, ಹೆಚ್‌1ಬಿ ಥರ ನಾನ್‌ಇಮಿಗ್ರೆಂಟ್ ವೀಸಾದಲ್ಲಿರೋರು ಗನ್ನಾಗಲಿ ತೋಟಾ ಆಗಲಿ ಇಟ್ಕೊಳ್ಳೋ ಹಾಗಿಲ್ಲ. ಹಂಟಿಂಗ್ ಲೈಸೆನ್ಸ್ ಇದ್ರೆ ವಿನಾಯ್ತಿ ಅಂತ ಇದೆ, ಆದ್ರೆ ಇಮಿಗ್ರೇಷನ್ ಲಾಯರ್ ಕೇಳದೆ ಅದನ್ನ ನಂಬಿ ಹೆಜ್ಜೆ ಇಡಬೇಡ. ಫೋಟೋಗೆ ಅಂತ ಯಾರದೋ ಗನ್ ಹಿಡ್ಕೊಂಡು ನಿಂತು ಫೇಸ್‌ಬುಕ್ಕಿಗೆ ಹಾಕೋ ಚಾಳಿನೂ ಬಿಡು. ನಿಂಗೆ ಆಸೆ ಇದ್ರೆ ಅಥಣಿಯವರ ಹತ್ರ ಕೆತ್ತನೆ ಬೆಲ್ಟು ಮಾಡಿಸ್ಕೋ, ಬೆಳ್ಳಿ ಬಕಲ್ ಹಾಕ್ಸು, ಬೆಲ್ಟಿಗೆ ವೀಸಾ ಬೇಡ.

ಮಡಿಕೇರಿ_ಮಳೆ

ಈ ಥ್ರೆಡ್ ಓದಿ ನಗು ಬಂತು, ನಮ್ಮಲ್ಲಿ ಇದೇನು ಹೊಸತಲ್ಲ. ಕೊಡವ ಮದುವೇಲಿ ಗಂಡು ಕುಪ್ಯ ಅನ್ನೋ ಉದ್ದ ಕೋಟು ಹಾಕಿ, ಸೊಂಟಕ್ಕೆ ಕೆಂಪು ಚೇಲೆ ಪಟ್ಟಿ ಕಟ್ಟಿ ಮುಂದೆ ಪೀಚೆಕತ್ತಿ ಸಿಕ್ಕಿಸ್ತಾನಲ್ಲ, ಬೆಳ್ಳಿ ಕಟ್ಟಿದ ಒರೆ, ಸರಪಳಿ, ಹಳೇ ಮನೆಗಳಲ್ಲಿ ದಂತದ ಹಿಡಿ. ಅದರಲ್ಲಿ ಯಾರೂ ತರಕಾರಿ ಹೆಚ್ಚಲ್ಲ. ಬಂದೂಕಿಗೆ ನಮ್ಮ ಆಯುಧ ಪೂಜೆ ಹಬ್ಬ ಕೈಲ್ ಪೊಳ್ದ್ ದಿನ ಹೂ ಇಟ್ಟು ಪೂಜೆ, ಅಷ್ಟೇ, ಕೆತ್ತನೆ ಅಲಂಕಾರ ಎಲ್ಲಾ ಕತ್ತಿಗೆ.

ಒಂದು ಎಚ್ಚರಿಕೆ. ದಂತದ ಹಿಡಿ ಹುಡುಕೋಕೆ ಹೋಗ್ಬೇಡಿ, ಅಮೆರಿಕದಲ್ಲೂ 2016ರಿಂದ ಆನೆ ದಂತದ ವ್ಯಾಪಾರಕ್ಕೆ ಬಹಳ ಬಿಗಿ ಆಗಿದೆ. ಅಲ್ಲಿ ‘ಇಂಡಿಯನ್ ಸ್ಟ್ಯಾಗ್’ ಅಂತ ಮಾರ್ತಾರಲ್ಲ, ಅದು ನಮ್ಮ ಕಡವೆ ಕೊಂಬೇ. ಇಲ್ಲಿಂದ ರಫ್ತು ನಿಂತು ಎಷ್ಟೋ ವರ್ಷ ಆಯ್ತು, ಈಗ ಓಡಾಡ್ತಿರೋದು ಹಳೇ ದಾಸ್ತಾನು, ಹಾಗಾಗಿ ರೇಟು ಜಾಸ್ತಿ. ಊರಿಂದ ಯಾರಾದ್ರೂ ಅಜ್ಜನ ಕಾಲದ ಕೊಂಬು ತಂದುಕೊಡ್ತೀನಿ ಅಂದ್ರೆ ಬೇಡ ಅನ್ನಿ, ಏರ್‌ಪೋರ್ಟಲ್ಲೇ ಸಿಕ್ಕಿಬೀಳ್ತಾರೆ.

ಸಾಗರದವ_ಸ್ಯಾನ್‌ಆಂಟೋನಿಯೊ

ಎಲ್ರಿಗೂ ಥ್ಯಾಂಕ್ಸ್. ಯಜಮಾನ್ರಿಗೆ ಫೋನ್ ಮಾಡಿದೆ. ಮದುವೆ ಶಾಸ್ತ್ರಕ್ಕೆ ಬೇಡ, ಮಾರನೇ ದಿನ ಮಧ್ಯಾಹ್ನದ ಊಟಕ್ಕೆ ಹಾಕ್ಕೊಂಡ್ ಬಾ, ನಮ್ಮ ತಮ್ಮಂದಿರೂ ಹಾಕ್ತಾರೆ ಅಂದ್ರು. ಸೆಕೆಂಡ್ ಹ್ಯಾಂಡ್ ವ್ಯಾಕೇರೋ ಒಂದು ಸಿಕ್ತು, ಸ್ಟೇನ್‌ಲೆಸ್ಸೇ, 4⅝ ಇಂಚು, ರೂಗರ್‌ನೋರ ಅಳತೆ ಹಾಗಂತೆ. ಹಿಡಿಗೆ ದಂತದ ಬಣ್ಣದ ಮೈಕಾರ್ಟಾ (ರಾಳದಲ್ಲಿ ಒತ್ತಿ ಮಾಡಿದ ಕೃತಕ ವಸ್ತು) ಸಾಕು ಅನ್ಕೊಂಡಿದೀನಿ. ಅಥಣಿಯವ್ರೇ, ಕೋಲ್ಟ್ ಅಳತೆ ಹೋಲ್ಸ್ಟರ್ ಇದಕ್ಕೆ ಆಗುತ್ತಲ್ವಾ? 

ಅಥಣಿ_ತೊಗಲು

ತಡ್ರಿ ತಡ್ರಿ. ಯಾವ ವರ್ಷದ್ದು? 1993ರಿಂದ 2005ರ ತನ ಬಂದ ಹಳೇ ವ್ಯಾಕೇರೋ ಮೈ ದೊಡ್ಡದು, ಕೋಲ್ಟ್ ಅಳತಿ ಹೋಲ್ಸ್ಟರ್‌ನ್ಯಾಗ ಅರ್ಧಕ್ಕ ಸಿಕ್ಕೊಂಡು ನಿಲ್ತದ. 2005ರ ಮ್ಯಾಲೆ ಬಂದ ನ್ಯೂ ವ್ಯಾಕೇರೋ ಇದ್ರ ಆಗ್ತದ, ಗನ್ ಮ್ಯಾಲ ಹೆಸರು ಬರ್ದಿರ್ತದ ನೋಡ್ರಿ. ಮತ್ತ ಬೆಲ್ಟಿಗೆ ಪ್ಯಾಂಟ್ ಸೈಜ್ ಹೇಳಬ್ಯಾಡ್ರಿ. ಪ್ಯಾಂಟ್ ಶರ್ಟ್ ಹಾಕ್ಕೊಂಡು, ಗನ್ ಕೂಡೂ ಜಾಗದ ಮ್ಯಾಲೆ ಟೇಪ್ ಸುತ್ತಿ ಅಳೀರಿ.

ಸಾಗರದವ_ಸ್ಯಾನ್‌ಆಂಟೋನಿಯೊ

ನ್ಯೂ ಅಂತಾನೇ ಇದೆ, ಬಚಾವ್. ಪ್ಯಾಂಟ್ 36 ಅಂತ ಹೇಳೋನಿದ್ದೆ, ಹೆಂಡ್ತಿ ಟೇಪ್ ಹಿಡಿದ್ರೆ 41. ಅವಳು ಇನ್ನೂ ನಗ್ತಾನೇ ಇದಾಳೆ.